ವೇದಿಕೆಗೊಂದು ವೇಷ: ಹಾಡುಗಾರರು ಇನ್ನೊಬ್ಬರಾಗುವುದು ಏಕೆ, ಆಗುವುದು ಹೇಗೆ

ದಾವಣಗೆರೆಯಲ್ಲಿ ಗಣೇಶೋತ್ಸವದ ದಿನಗಳು ಹತ್ತಿರವಾದಂತೆ, ನನ್ನ ಬಳಿ ಹಾಡು ಕಲಿಯಲು ಬರುವವರಲ್ಲಿ ಒಬ್ಬರಾದರೂ ಈ ಕೋರಿಕೆಯನ್ನು ಮುಂದಿಡುತ್ತಾರೆ: ‘ಸರ್, ನನಗೊಂದು ಸ್ಟೇಜ್ ಹೆಸರು ಇಟ್ಟುಕೊಡಿ.’ ಬಾಯಲ್ಲಿ ಕೇಳುವುದು ಹೆಸರನ್ನಾದರೂ ಅವರಿಗೆ ಬೇಕಾಗಿರುವುದು ಬೇರೆ. ಮನೆಯಲ್ಲಿ ಅಪ್ಪನೆದುರು ದನಿ ಎತ್ತದ ತಾನು ಸಾವಿರ ಜನರೆದುರು ಮೈಕ್ ಹಿಡಿದಾಗ ಯಾರಾಗಿ ನಿಲ್ಲಬೇಕು ಎಂಬುದು ಅವರನ್ನು ಕಾಡುತ್ತಿರುತ್ತದೆ. ಹದಿನೈದು ವರ್ಷ ರಸಮಂಜರಿ ತಂಡಗಳಲ್ಲಿ ಹಾಡಿ ಈಗ ಕಲಿಸುವ ಕೆಲಸಕ್ಕೆ ಕುಳಿತಿರುವ ನಾನು, ಅದಕ್ಕೆ ಉತ್ತರ ಕಟ್ಟಿಕೊಳ್ಳುವ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಪಾಶ್ಚಾತ್ಯ ಪಾಪ್ ಲೋಕದವರು ಇದನ್ನು ‘ಆಲ್ಟರ್ ಈಗೋ’ ಎನ್ನುತ್ತಾರೆ. ನಮಗೆ ‘ವೇಷ’ ಎಂಬ ಮಾತೇ ಸಾಕು. ಬಯಲಾಟದ ಕಿರೀಟ ಭುಜಕೀರ್ತಿಗಳನ್ನು, ಬೀದಿಗೆ ಬರುವ ಹಗಲುವೇಷದವರನ್ನು, ದುಗ್ಗಮ್ಮನ ಜಾತ್ರೆಯಲ್ಲಿ ಟೆಂಟ್ ಹಾಕುವ ನಾಟಕ ಕಂಪನಿಗಳನ್ನು ನೋಡಿ ಬೆಳೆದ ಸೀಮೆ ನಮ್ಮದು. ಚಿಂದೋಡಿ ಲೀಲಾ ಅವರಂಥ ನಟಿಯನ್ನು ವೃತ್ತಿ ರಂಗಭೂಮಿಗೆ ಕೊಟ್ಟ ಊರು ಇದು. ವೇಷ ಎಂದರೇನು ಎಂಬುದನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಆದರೆ ಹಾಡುಗಾರನು ವೇಷ ಹಾಕುವುದಕ್ಕೂ ನಟನು ಹಾಕುವುದಕ್ಕೂ ಒಂದು ದೊಡ್ಡ ಅಂತರವಿದೆ. ನಟನಿಗೆ ಪಾತ್ರವನ್ನು ನಾಟಕಕಾರ ಬರೆದುಕೊಡುತ್ತಾನೆ, ಆಟ ಮುಗಿದಾಗ ತೆರೆ ಬೀಳುತ್ತದೆ. ಹಾಡುಗಾರನು ಪಾತ್ರವನ್ನು ತಾನೇ ಬರೆದುಕೊಳ್ಳಬೇಕು, ತೆರೆಯನ್ನೂ ತಾನೇ ಎಳೆದುಕೊಳ್ಳಬೇಕು. ಕೆಲಸ ಕೆಡುವುದು ಹೆಚ್ಚಾಗಿ ಈ ಎರಡನೆಯದರಲ್ಲಿ.

ಹೆಸರು, ವೇಷ, ಸೋಗು

ಮೊದಲು ಈ ಮೂರನ್ನು ಬಿಡಿಸಿಕೊಳ್ಳಿ. ಮುತ್ತುರಾಜ್ ಅವರು 1954ರಲ್ಲಿ ಚಿತ್ರರಂಗಕ್ಕೆ ರಾಜ್‌ಕುಮಾರ್ ಆಗಿ ಬಂದದ್ದು ಹೆಸರಿನ ಬದಲಾವಣೆ. ಆ ಹೆಸರಿನ ಹಿಂದೆ ಇದ್ದವರು ಅವರೇ. ಇಂಗ್ಲೆಂಡಿನ ಡೇವಿಡ್ ಜೋನ್ಸ್ ಎಂಬ ಗಾಯಕರು, ಅದೇ ಸುಮಾರಿನ ಹೆಸರಿನ ಇನ್ನೊಬ್ಬ ಗಾಯಕ ಪ್ರಸಿದ್ಧನಾಗಿದ್ದ ಕಾರಣ ಡೇವಿಡ್ ಬೋವಿ ಆದದ್ದೂ ಅಷ್ಟೇ. ಆದರೆ ಅದೇ ಬೋವಿ 1972ರಲ್ಲಿ ಕೆಂಪು ಕೂದಲಿನ, ಬೇರೆ ಲೋಕದಿಂದ ಬಂದಂತಿದ್ದ ‘ಜಿಗ್ಗಿ ಸ್ಟಾರ್‌ಡಸ್ಟ್’ ಆಗಿ ವೇದಿಕೆಗೆ ಬಂದಾಗ ಅದು ವೇಷವಾಯಿತು, ಏಕೆಂದರೆ ಜಿಗ್ಗಿಗೆ ತನ್ನದೇ ಆದ ಕಥೆ, ನಡಿಗೆ, ಏಳುಬೀಳುಗಳು ಇದ್ದವು. ಇನ್ನು ಸೋಗು ಎಂದರೆ ಒಳಗೆ ಏನೂ ಇಲ್ಲದೆ ಹೊರಗಷ್ಟೇ ತೋರಿಸುವುದು: ಕಪ್ಪು ಕನ್ನಡಕ, ದಪ್ಪ ಸರ, ಎರವಲು ತಂದ ಗತ್ತು. ಸೋಗು ಮೂರನೆಯ ಹಾಡಿನ ಹೊತ್ತಿಗೆ ಜನಕ್ಕೆ ತಿಳಿದುಬಿಡುತ್ತದೆ. ನಿಮಗೆ ಹೆಸರು ಮಾತ್ರ ಬೇಕಿದ್ದರೆ ಹೆಸರನ್ನೇ ಇಟ್ಟುಕೊಂಡು ಹಾಡಿ. ವೇಷದ ಹೊಣೆಯನ್ನು ಸುಮ್ಮನೆ ಹೊರಬೇಡಿ.

ಯಾವ ಕೆಲಸಕ್ಕೆ ಎಂದು ತೀರ್ಮಾನಿಸಿ

ವೇಷವು ಒಂದು ಉಪಕರಣ. ಯಾವ ಕೆಲಸಕ್ಕೆಂದು ಗೊತ್ತಿಲ್ಲದೆ ಕೊಂಡ ಉಪಕರಣ ಮೂಲೆ ಸೇರುತ್ತದೆ. ಜನಪ್ರಿಯ ಹಾಡುಗಾರರು ವೇಷಕ್ಕೆ ಕೈಹಾಕಿದ ಕಾರಣಗಳನ್ನು ನೋಡಿದರೆ ನಿಮ್ಮ ಕಾರಣ ಯಾವುದೆಂದು ಹೊಳೆಯಬಹುದು.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಅಂಜಿಕೆ. ನಾನು ಮೊದಲ ಬಾರಿ ಹರಿಹರದ ಹತ್ತಿರದ ಒಂದು ಊರಿನ ಜಾತ್ರೆಯಲ್ಲಿ ಹಾಡಿದಾಗ ಎರಡನೆಯ ಚರಣವೇ ಮರೆತುಹೋಗಿ, ಕೀಬೋರ್ಡಿನವರು ಅದೇ ತುಣುಕನ್ನು ಮೂರು ಬಾರಿ ತಿರುಗಿಸಿ ನುಡಿಸಬೇಕಾಯಿತು. ಆ ರಾತ್ರಿ ನಮ್ಮ ತಂಡದಲ್ಲಿದ್ದ, ಹಿಂದೆ ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸಿದ್ದ ಹಿರಿಯರೊಬ್ಬರು ನನ್ನನ್ನು ಬೈಯಲಿಲ್ಲ. ‘ತಮ್ಮಾ, ಸ್ಟೇಜಿಗೆ ನೀನೊಬ್ಬನೇ ಬಂದೀಯಲ್ಲೋ, ಪಾತ್ರ ಎಲ್ಲಿ ಬಿಟ್ಟು ಬಂದಿ?’ ಎಂದು ಕೇಳಿದರು. ನನಗೆ ಆಗ ಅದು ಅರ್ಥವಾಗಲಿಲ್ಲ. ಅಮೆರಿಕದ ಗಾಯಕಿ ಬಿಯಾನ್ಸೆ ಅವರ ಬಗ್ಗೆ ಓದಿದಾಗ ಅರ್ಥವಾಯಿತು. ವೇದಿಕೆಯ ಹೊರಗೆ ತಾನು ಸಂಕೋಚದವಳೆಂದು ಹೇಳಿಕೊಂಡಿದ್ದ ಅವರು, ವೇದಿಕೆಯ ಮೇಲಿನ ತಮ್ಮ ಗತ್ತಿನ, ಯಾರಿಗೂ ಜಗ್ಗದ ರೂಪಕ್ಕೆ ‘ಸಾಷಾ ಫಿಯರ್ಸ್’ ಎಂದು ಹೆಸರಿಟ್ಟು, 2008ರಲ್ಲಿ ಆ ಹೆಸರನ್ನು ಆಲ್ಬಮ್ಮಿನ ಶೀರ್ಷಿಕೆಯಲ್ಲೇ ಸೇರಿಸಿದರು. 2010ರ ಹೊತ್ತಿಗೆ ತಾನು ಬೆಳೆದಿದ್ದೇನೆ, ಇನ್ನು ಅವಳ ಅಗತ್ಯವಿಲ್ಲ ಎಂದು ಬಿಟ್ಟುಕೊಟ್ಟರು. ವೇಷವನ್ನು ಊರುಗೋಲಿನಂತೆ ಬಳಸಿ, ಕಾಲು ಗಟ್ಟಿಯಾದ ಮೇಲೆ ಪಕ್ಕಕ್ಕಿಟ್ಟ ಈ ಕ್ರಮವನ್ನೇ ನಾನು ಅಂಜುವ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ.

ಇದರ ಹಿಂದಿನ ಮನಸ್ಸಿನ ಕೆಲಸವನ್ನು ತೋರಿಸುವ ಪ್ರಯೋಗವೊಂದು 2017ರಲ್ಲಿ ‘ಚೈಲ್ಡ್ ಡೆವಲಪ್‌ಮೆಂಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 4 ಮತ್ತು 6 ವರ್ಷದ 180 ಮಕ್ಕಳಿಗೆ 10 ನಿಮಿಷದ ಬೇಸರದ ಕೆಲಸವೊಂದನ್ನು ಕೊಟ್ಟು, ಬೇಕೆನಿಸಿದಾಗ ಎದ್ದು ಐಪ್ಯಾಡ್‌ನಲ್ಲಿ ಆಟವಾಡಬಹುದು ಎಂದು ಹೇಳಲಾಗಿತ್ತು. ‘ನಾನು ಕಷ್ಟಪಟ್ಟು ಕೆಲಸ ಮಾಡುತ್ತಿದ್ದೇನೆಯೇ?’ ಎಂದು ತಮ್ಮನ್ನು ಕೇಳಿಕೊಂಡ ಮಕ್ಕಳು ಬೇಗ ಎದ್ದರು. ಬ್ಯಾಟ್‌ಮ್ಯಾನ್‌ನಂಥ ಪಾತ್ರವಾಗಿ, ‘ಬ್ಯಾಟ್‌ಮ್ಯಾನ್ ಕಷ್ಟಪಟ್ಟು ಕೆಲಸ ಮಾಡುತ್ತಿದ್ದಾನೆಯೇ?’ ಎಂದು ಕೇಳಿಕೊಂಡ ಮಕ್ಕಳು ಎಲ್ಲರಿಗಿಂತ ಹೆಚ್ಚು ಹೊತ್ತು ಕೆಲಸದಲ್ಲಿ ಉಳಿದರು. ತನ್ನನ್ನು ತಾನು ಸ್ವಲ್ಪ ದೂರದಿಂದ ನೋಡಿಕೊಂಡಾಗ ಭಯವಾಗಲೀ ಬೇಸರವಾಗಲೀ ಮೈಮೇಲೆ ಬೀಳುವುದಿಲ್ಲ ಎಂಬುದು ಇದರ ತಿರುಳು. ಹಾರ್ಮೋನಿಯಂ ಹಿರಿಯರು ನನಗೆ ಹೇಳಿದ್ದು ಇದನ್ನೇ.

ಎರಡನೆಯ ಕಾರಣ ಮುಖವನ್ನು ಉಳಿಸಿಕೊಳ್ಳುವುದು. ಫ್ರಾನ್ಸಿನ ಡಾಫ್ಟ್ ಪಂಕ್ ಎಂಬ ಸಂಗೀತಗಾರರ ಜೋಡಿ ಯಂತ್ರಮಾನವರ ಶಿರಸ್ತ್ರಾಣ ತೊಟ್ಟು ಜಗತ್ಪ್ರಸಿದ್ಧರಾಗಿ, 2021ರಲ್ಲಿ ಬೇರೆಯಾಗುವವರೆಗೂ ಅದನ್ನು ಬಿಡಲಿಲ್ಲ. ಆಸ್ಟ್ರೇಲಿಯಾದ ಸಿಯಾ ಮುಖ ಮುಚ್ಚುವಷ್ಟು ದೊಡ್ಡ ವಿಗ್ ತೊಟ್ಟು ಹಾಡಿದರು. ದಾವಣಗೆರೆಯಂಥ ಊರಿನಲ್ಲಿ ಈ ಕಾರಣ ಇನ್ನೂ ನಿಜ. ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡುವ ಹೆಣ್ಣುಮಗಳು ರಾತ್ರಿ ರಸಮಂಜರಿಯಲ್ಲಿ ಹಾಡಿದಾಗ, ಮರುದಿನ ಬಸ್ಸಿನಲ್ಲಿ ಅವಳ ಪಾಡಿಗೆ ಅವಳನ್ನು ಬಿಡುವಷ್ಟು ಸೌಜನ್ಯ ಎಲ್ಲರಿಗೂ ಇರುವುದಿಲ್ಲ.

ಮೂರನೆಯದು, ಒಂದೇ ಗಂಟಲಿಗೆ ಎರಡು ಅಂಗಡಿ ಬೇಕಾಗುವುದು. ಅಮೆರಿಕದ ಹ್ಯಾಂಕ್ ವಿಲಿಯಮ್ಸ್ 1950ರಿಂದ ‘ಲ್ಯೂಕ್ ದ ಡ್ರಿಫ್ಟರ್’ ಎಂಬ ಹೆಸರಿನಲ್ಲಿ ಉಪದೇಶದ, ಮಾತಿನ ಧಾಟಿಯ ಹಾಡುಗಳನ್ನು ಬಿಡುಗಡೆ ಮಾಡಿದರು. ಬಾರುಗಳಲ್ಲಿ ಜ್ಯೂಕ್‌ಬಾಕ್ಸ್ (ಕಾಸು ಹಾಕಿದರೆ ಹಾಡು ನುಡಿಸುವ ಯಂತ್ರ) ಇಟ್ಟಿದ್ದವರು ಹ್ಯಾಂಕ್ ವಿಲಿಯಮ್ಸ್ ಎಂಬ ಹೆಸರು ನೋಡಿದೊಡನೆ ಕುಣಿಸುವ ಹಾಡೆಂದು ಧ್ವನಿತಟ್ಟೆ ತರಿಸಿಕೊಳ್ಳುತ್ತಿದ್ದರು. ಅವರಿಗೆ ನಷ್ಟವಾಗದಿರಲಿ ಎಂಬುದೇ ಬೇರೆ ಹೆಸರಿನ ಮೂಲ. ಬೆಳಿಗ್ಗೆ ಮಠದಲ್ಲಿ ವಚನ ಹಾಡಿ ರಾತ್ರಿ ಕುಣಿತದ ಹಾಡು ಹಾಡುವ ಗಾಯಕರು ನಮ್ಮಲ್ಲೂ ಇದ್ದಾರೆ. ಅವರಿಗೆ ಎರಡು ಹೆಸರು ಇದ್ದರೆ ಎರಡೂ ಕಡೆಯ ಕೇಳುಗರಿಗೆ ಅನುಕೂಲ. ಇಂಗ್ಲೆಂಡಿನ ಬೀಟಲ್ಸ್ ಹಾಡುಗಾರರ ತಂಡದ್ದು ಇದಕ್ಕಿಂತ ಸೂಕ್ಷ್ಮವಾದ ಸಂಗತಿ. 1966ರ ಆಗಸ್ಟಿನಲ್ಲಿ ಊರೂರು ತಿರುಗಿ ಹಾಡುವುದನ್ನು ನಿಲ್ಲಿಸಿದ ಮೇಲೆ ಅವರು 1967ರಲ್ಲಿ ‘ಸಾರ್ಜೆಂಟ್ ಪೆಪ್ಪರ್’ ಎಂಬವನ ಬ್ಯಾಂಡಿನವರಂತೆ ಉಡುಪು ತೊಟ್ಟರು. ಬೀಟಲ್ಸ್‌ನಿಂದ ಜನ ಬಯಸುತ್ತಿದ್ದುದನ್ನು ಬದಿಗಿಟ್ಟು ಬೇರೆ ಸಂಗೀತ ಮಾಡಲು ಆ ಕಲ್ಪಿತ ಬ್ಯಾಂಡು ಅವರಿಗೆ ಬಿಡುವು ಕೊಟ್ಟಿತು.

ಕೊನೆಯ ಕಾರಣವನ್ನು ನಾನು ಹಿಂಜರಿಕೆಯಿಂದಲೇ ಹೇಳುತ್ತೇನೆ: ಸ್ವಂತ ಬಾಯಿಂದ ಹೇಳಲಾಗದ್ದನ್ನು ಹೇಳಿಸುವುದು. ರ‍್ಯಾಪ್ ಗಾಯಕ ಎಮಿನೆಮ್ ತನ್ನ ಸಿಟ್ಟು, ವಿಷ, ಕ್ರೌರ್ಯಗಳನ್ನೆಲ್ಲ ‘ಸ್ಲಿಮ್ ಶೇಡಿ’ ಎಂಬ ಪಾತ್ರದ ಬಾಯಿಗೆ ಹಾಕಿದರು. ದೊಡ್ಡ ಪ್ರತಿಭೆಗೆ ಅದು ಒಗ್ಗಿತು. ಆದರೆ ಹೊಸಬರು ಇದನ್ನು ಆರಿಸಿಕೊಂಡರೆ ಬೈಗುಳ ಮಾತ್ರ ಉಳಿದು ಪಾತ್ರ ಕಾಣೆಯಾಗುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಪಾತ್ರ ಆಡಿದ ಮಾತಿಗೆ ಪೊಲೀಸ್ ಠಾಣೆಯಲ್ಲಿ ಉತ್ತರ ಕೊಡಬೇಕಾದವರು ನೀವೇ.

ಸಾರಥಿಯ ಪ್ರಶ್ನೆಗಳಿಗೆ ಉತ್ತರಿಸಿ

ಕಾರಣ ಗೊತ್ತಾಯಿತೆನ್ನಿ. ಪಾತ್ರವನ್ನು ಕಟ್ಟುವುದಕ್ಕೆ ನಮ್ಮ ಬಯಲಾಟದವರ ಬಳಿ ಇರುವಷ್ಟು ಒಳ್ಳೆಯ ವಿಧಾನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಚಿತ್ರದುರ್ಗ ಸೀಮೆಯ ಮೂಡಲಪಾಯ ಬಯಲಾಟಗಳಲ್ಲಿ ವೇಷಧಾರಿಯು ತೆರೆಯ ಹಿಂದಿನಿಂದ ಅಬ್ಬರಿಸುತ್ತ ಬಂದು ನಿಂತಾಗ ಕಥೆ ಕೂಡಲೇ ಮುಂದುವರಿಯುವುದಿಲ್ಲ. ಪಾತ್ರಗಳನ್ನು ಮಾತನಾಡಿಸುವ ಸಾರಥಿ ಅವನನ್ನು ತಡೆದು, ‘ತಾವು ಧಾರು? ತಮ್ಮ ನಾಮಾಂಕಿತವೇನು? ಈ ರಂಗಸ್ಥಳಕ್ಕೆ ಬಂದಂಥ ಕಾರಣವೇನು?’ ಎಂಬ ಧಾಟಿಯಲ್ಲಿ ಕೇಳುತ್ತಾನೆ. ಪಾತ್ರವು ತನ್ನ ಊರು, ಕುಲ, ಪರಾಕ್ರಮಗಳನ್ನು ತಾನೇ ಸಾರಿಕೊಂಡ ಮೇಲೆಯೇ ಮುಂದಿನ ಮಾತು. ಸಭೆಗೆ ಪರಿಚಯವಾಗುವುದು ಇದರ ಒಂದು ಫಲ; ನಟನಿಗೆ ತಾನು ಯಾರೆಂಬುದು ಗಟ್ಟಿಯಾಗುವುದು ಅದಕ್ಕಿಂತ ದೊಡ್ಡ ಫಲ.

ಒಂದು ನೋಟುಪುಸ್ತಕ ತೆಗೆದುಕೊಂಡು ಈ ಪ್ರಶ್ನೆಗಳನ್ನು ಬರೆದು, ಪಾತ್ರದ ಬಾಯಿಂದಲೇ, ‘ನಾನು’ ಎಂದೇ ಉತ್ತರಿಸಿ. ಧಾರು? ಎಲ್ಲಿಂದ ಬಂದೆ? ಬಂದ ಕಾರಣವೇನು? ಇವುಗಳಿಗೆ ನಾನು ಇನ್ನೆರಡನ್ನು ಸೇರಿಸುತ್ತೇನೆ: ಯಾವುದಕ್ಕೆ ಅಂಜುವುದಿಲ್ಲ? ಯಾವುದನ್ನು ಎಂದಿಗೂ ಮಾಡುವುದಿಲ್ಲ? ಕೊನೆಯದನ್ನು ಎಲ್ಲರೂ ಹಾರಿಸಿಬಿಡುತ್ತಾರೆ, ಆದರೆ ಪಾತ್ರಕ್ಕೆ ಅಂಚು ಬರುವುದೇ ಅದರಿಂದ.

ಉತ್ತರ ಬರೆಯುವಾಗ ಇಲ್ಲದ್ದನ್ನು ಹೊರಗಿನಿಂದ ತರಬೇಡಿ; ಇದ್ದದ್ದನ್ನು ಹಿಗ್ಗಿಸಿ. ನನ್ನ ವಿದ್ಯಾರ್ಥಿನಿಯೊಬ್ಬಳು ಮೊದಲು ತಂದದ್ದು ನ್ಯೂಯಾರ್ಕಿನ ಬೀದಿ ಹುಡುಗಿಯೊಬ್ಬಳ ಪಾತ್ರವನ್ನು. ಅವಳು ನ್ಯೂಯಾರ್ಕನ್ನು ಮೊಬೈಲಿನಲ್ಲಿ ಮಾತ್ರ ನೋಡಿದ್ದಳು. ಅವಳ ಮನೆಯವರು ದುಡಿಯುವುದು ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ. ಭಟ್ಟಿಯ ಸದ್ದಿನ ನಡುವೆ ಒಬ್ಬರಿಗೊಬ್ಬರು ಕೂಗಿ ಮಾತನಾಡಿ ಮಾತನಾಡಿ ಅವಳ ಗಂಟಲಿಗೆ ಒಂದು ತೆರನ ಕಡುಪು ಬಂದಿತ್ತು. ಆ ಕಡುಪನ್ನು ಅವಳು ಹಾಡುವಾಗ ಮುಚ್ಚಿಡಲು ಹೆಣಗುತ್ತಿದ್ದಳು. ಸಾರಥಿಯ ಪ್ರಶ್ನೆಗೆ ಮೂರು ವಾರ ಉತ್ತರ ಬರೆದು ಹರಿದು ಹಾಕಿದ ಮೇಲೆ ಅವಳು ‘ಭಟ್ಟಿ ಅಕ್ಕ’ ಎಂಬವಳನ್ನು ಕಂಡುಕೊಂಡಳು. ಭಟ್ಟಿ ಅಕ್ಕನಿಗೆ ಕಾವು ಹೊಸದಲ್ಲ, ಹೊಗೆಗೆ ಕಣ್ಣು ಮುಚ್ಚುವುದಿಲ್ಲ, ಲೆಕ್ಕದಲ್ಲಿ ಯಾರೂ ಅವಳಿಗೆ ಮೋಸ ಮಾಡಲಾರರು. ಬಡವರನ್ನು ಹಂಗಿಸಿ ಅವಳು ಎಂದೂ ಹಾಡುವುದಿಲ್ಲ. ಅದೇ ಗಂಟಲು, ಅದೇ ಕಡುಪು, ಈಗ ಮುಚ್ಚಿಡುವ ಅಗತ್ಯವಿಲ್ಲ. ರಘು ದೀಕ್ಷಿತ್ ಅವರು ಬಣ್ಣದ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಹಾಡುವುದನ್ನು ನೋಡಿದಾಗ ಅದು ಮೇಲಿನಿಂದ ಅಂಟಿಸಿದ್ದು ಎನ್ನಿಸದಿರುವುದಕ್ಕೂ ಇದೇ ಕಾರಣ: ಅವರು ಭರತನಾಟ್ಯ ಕಲಿತವರು, ಗೆಜ್ಜೆ ಅವರ ಕಾಲಿಗೆ ಮೊದಲೇ ಗೊತ್ತಿತ್ತು.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಲಂಬಾಣಿ ತಾಂಡಾಗಳು ಬಹಳ. ಕನ್ನಡಿ ಕೂರಿಸಿದ ಆ ಉಡುಪು ವೇದಿಕೆಯ ಬೆಳಕಿನಲ್ಲಿ ಹೊಳೆಯುತ್ತದೆಂದು ಎತ್ತಿಕೊಂಡು ವೇಷ ಮಾಡಿಕೊಳ್ಳುವ ಆಸೆ ಅನೇಕರಿಗೆ ಬರುತ್ತದೆ. ಒಂದು ಸಮುದಾಯದ ದಿನನಿತ್ಯದ ಬಟ್ಟೆ, ಒಬ್ಬರ ಹರಕೆ ಅಥವಾ ದೀಕ್ಷೆಯ ಗುರುತು ಇನ್ನೊಬ್ಬರ ವೇಷವಾಗಬಾರದು. ನೀವು ಆ ಸಮುದಾಯದವರೇ ಆಗಿದ್ದರೆ ಮಾತು ಬೇರೆ. ಆಗ ಅದನ್ನು ಯಾರಿಗೂ ಕೇಳದೆ ತೊಡಿ.

ಬಟ್ಟೆ, ಬಣ್ಣ, ದನಿ

ಹಣವಿಲ್ಲದವರಿಗೆ ಒಂದೇ ಗುರುತು ಸಾಕು. ಭಟ್ಟಿ ಅಕ್ಕನಿಗೆ ತಲೆಗೆ ಸುತ್ತಿದ ಒಂದು ಹತ್ತಿ ವಸ್ತ್ರವೇ ಇಡೀ ವೇಷ. ಗುರುತು ದೂರಕ್ಕೆ ಕಾಣಬೇಕು, ಒಂದು ನಿಮಿಷದೊಳಗೆ ತೊಡಲು ಮತ್ತು ತೆಗೆಯಲು ಬರಬೇಕು. ಏಪ್ರಿಲ್ ತಿಂಗಳಲ್ಲಿ ಚಿತ್ರದುರ್ಗದ ಬಯಲಿನಲ್ಲಿ ಸಂಜೆ ಏಳಕ್ಕೂ ಕಲ್ಲಿನ ಕಾವು ಇಳಿದಿರುವುದಿಲ್ಲ. ವೇದಿಕೆಯ ದೀಪಗಳ ಕೆಳಗೆ ದಪ್ಪ ಕೋಟಿನಲ್ಲಿ ಎರಡು ಗಂಟೆ ಹಾಡಲಾಗುವುದಿಲ್ಲ. ಮುಖವಾಡ ಹಾಕುವವರು ಸೌಂಡ್ ಚೆಕ್ ಹೊತ್ತಿನಲ್ಲೇ ಅದನ್ನು ಹಾಕಿಕೊಂಡು, ಮೈಕಿಗೆ ತಾಗುತ್ತದೆಯೇ, ವೇದಿಕೆಯ ಮಾನಿಟರ್ ಸ್ಪೀಕರಿನ ಸದ್ದು ಕಿವಿಗೆ ಬರುತ್ತದೆಯೇ, ಉಸಿರು ಎಳೆದುಕೊಳ್ಳಲು ಜಾಗವಿದೆಯೇ ಎಂದು ನೋಡಬೇಕು. ಬಣ್ಣ ಹಚ್ಚುವವರು ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ತುರಿಕೆ ಬರುತ್ತದೆಯೇ ಎಂದು ಪರೀಕ್ಷಿಸಲಿ. ತೆಗೆಯುವಾಗ ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸಾಬೂನು. ನಾಟಕದವರ ಈ ಕ್ರಮಕ್ಕಿಂತ ಅಗ್ಗವಾದದ್ದು ಇನ್ನೊಂದಿಲ್ಲ.

ದನಿಯನ್ನು ಮಾತ್ರ ಬಲವಂತವಾಗಿ ಬದಲಿಸಬೇಡಿ. ಗಂಟಲು ಹಿಸುಕಿ ಗೊಗ್ಗರು ಮಾಡಿ ಹಾಡಿದರೆ ಒಂದು ಹಂಗಾಮಿನಲ್ಲೇ ದನಿ ಹೋಗುತ್ತದೆ. ಅಮೆರಿಕದ ಗಾಯಕ ಪ್ರಿನ್ಸ್ 1986ರಲ್ಲಿ ‘ಕಮೀಲ್’ ಎಂಬ ಪಾತ್ರಕ್ಕಾಗಿ ದನಿಯನ್ನು ಧ್ವನಿಮುದ್ರಣದ ವೇಗ ಬದಲಿಸಿ ಮೇಲೇರಿಸಿದ್ದರೇ ಹೊರತು ಗಂಟಲನ್ನು ಹಿಂಸಿಸಿ ಅಲ್ಲ. ಪಾತ್ರವನ್ನು ನಡಿಗೆಯಲ್ಲಿ, ಹಾಡುಗಳ ನಡುವಿನ ಮಾತಿನಲ್ಲಿ, ಮೈಕ್ ಹಿಡಿಯುವ ಕೈಯಲ್ಲಿ ತನ್ನಿ.

ಒಳಗೆ ಹೋಗುವುದು, ಹೊರಗೆ ಬರುವುದು

ವೇದಿಕೆ ಹತ್ತುವ ಮುನ್ನ ಪ್ರತಿ ಬಾರಿಯೂ ಒಂದೇ ಕ್ರಮವನ್ನು ಪಾಲಿಸಿ: ಗುರುತನ್ನು ತೊಡಿ, ಕಣ್ಣು ಮುಚ್ಚಿ ಸಾರಥಿಯ ಮೂರು ಪ್ರಶ್ನೆಗಳಿಗೆ ಪಿಸುದನಿಯಲ್ಲಿ ಉತ್ತರಿಸಿ, ಆಮೇಲೆ ನಿಮ್ಮೊಂದಿಗೆ ಮಾತನಾಡುವಾಗ ‘ನಾನು’ ಬಿಟ್ಟು ಪಾತ್ರದ ಹೆಸರನ್ನು ಬಳಸಿ. ಮೊದಲ ಪ್ರಯೋಗಕ್ಕೆ ದೊಡ್ಡ ವೇದಿಕೆ ಬೇಡ. ನಿಮ್ಮ ಓಣಿಯ ಗಣಪತಿಯ ಮುಂದೆ ಎರಡು ಹಾಡು ಸಾಕು.

ಹೊರಗೆ ಬರುವ ಕ್ರಮಕ್ಕೆ ಇದರ ಎರಡರಷ್ಟು ಶ್ರದ್ಧೆ ಬೇಕು. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಇದ್ದ ಹುಡುಗನೊಬ್ಬ ಒರಟ ರ‍್ಯಾಪರ್ ಒಬ್ಬನ ಪಾತ್ರವನ್ನು ಬಹಳ ಚೆನ್ನಾಗಿ ಕಟ್ಟಿಕೊಂಡಿದ್ದ. ಜನ ಶಿಳ್ಳೆ ಹಾಕಿದರು. ಆರು ತಿಂಗಳಲ್ಲಿ ಅವನು ಕಾಲೇಜಿನಲ್ಲೂ ಆ ಹೆಸರಿನಿಂದಲೇ ಕರೆಯಬೇಕೆಂದ; ಅಕ್ಕನ ಮದುವೆಯ ಮಾತುಕತೆಗೆ ಬಂದಿದ್ದ ಹಿರಿಯರೆದುರು ಆ ಪಾತ್ರದ ಭಾಷೆಯಲ್ಲೇ ಮಾತನಾಡಿದ. ಅವನ ತಾಯಿ ನನ್ನ ಮನೆಗೆ ಬಂದು, ‘ನನ್ನ ಮಗನ್ನ ನನಗ ವಾಪಸ್ ಕೊಡ್ರಿ ಸರ್’ ಎಂದು ಕಣ್ಣೀರಿಟ್ಟರು. ತಪ್ಪು ಅವನದಲ್ಲ, ನನ್ನದು. ವೇಷ ಹಾಕುವುದನ್ನು ಕಲಿಸಿದ್ದೆ, ಬಿಚ್ಚುವುದನ್ನು ಕಲಿಸಿರಲಿಲ್ಲ.

ಇದು ಚಿಕ್ಕ ಊರಿನ ಹುಡುಗನಿಗಷ್ಟೇ ಆಗುವುದಲ್ಲ. ಜಿಗ್ಗಿಯನ್ನು ವೇದಿಕೆಯ ಮೇಲೆ ಬಿಟ್ಟುಬರುವುದು ತಮಗೆ ಕಷ್ಟವಾಯಿತೆಂದು ಬೋವಿಯೇ ಮುಂದೆ ಹೇಳಿಕೊಂಡಿದ್ದಾರೆ. ಅಮೆರಿಕದ ವಿನ್ಸೆಂಟ್ ಫರ್ನಿಯರ್, ‘ಆಲಿಸ್ ಕೂಪರ್’ ಎಂಬ ಭಯಾನಕ ಪಾತ್ರದಲ್ಲಿ ಹಾಡುವವರು, ಕುಡಿತದ ಕಾಲದಲ್ಲಿ ತಾವೆಲ್ಲಿ ಮುಗಿದು ಆಲಿಸ್ ಎಲ್ಲಿ ಆರಂಭವಾಗುತ್ತಾನೆಂಬುದೇ ತಿಳಿಯುತ್ತಿರಲಿಲ್ಲ ಎಂದಿದ್ದಾರೆ. ಕುಡಿತ ಬಿಟ್ಟ ಮೇಲೆ ಆಲಿಸ್‌ನನ್ನು ‘ಅವನು’ ಎಂದೇ ಕರೆಯುತ್ತ, ವೇದಿಕೆಯ ಆಚೆಗೆ ಅವನನ್ನು ಬರಗೊಡದೆ, ದಶಕಗಳ ಕಾಲ ಹಾಡಿದರು. ಹಗಲು ಹೊತ್ತು ಅವರಿಗೆ ಗಾಲ್ಫ್ ಆಟವೇ ಪ್ರಿಯ.

ಆ ತಾಯಿ ಬಂದು ಹೋದ ಮೇಲೆ ನಾನು ಮಾಡಿಕೊಂಡ ಕ್ರಮ ಹೀಗಿದೆ. ಕಾರ್ಯಕ್ರಮ ಮುಗಿದೊಡನೆ, ಅಭಿಮಾನಿಗಳೊಂದಿಗೆ ಫೋಟೊ ತೆಗೆಸಿಕೊಂಡಾದ ಮೇಲೆ, ಬೇರೆ ಯಾರೊಂದಿಗೂ ಮಾತನಾಡುವ ಮೊದಲು ಗುರುತನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಇಡಬೇಕು. ತಂಡದಲ್ಲಿ ಒಬ್ಬರು, ಆಗಲೇ, ನಿಮ್ಮನ್ನು ಮನೆಯ ಹೆಸರಿನಿಂದ ಕೂಗಬೇಕು. ಮುಖ ತೊಳೆದು, ತಂಡದವರೊಂದಿಗೆ ಕೂತು ಊಟ ಮಾಡಿ. ಪಾತ್ರದ ಖಾತೆಯಲ್ಲಿ ಬಂದ ಹೊಗಳಿಕೆ, ಬೈಗುಳಗಳನ್ನು ಆ ರಾತ್ರಿ ಓದಬೇಡಿ. ಮರುದಿನ ಓದುವಾಗಲೂ ಅವು ಪಾತ್ರಕ್ಕೆ ಬಂದವು ಎಂದು ತಿಳಿದು ಓದಿ. ಮನೆಯಲ್ಲಿ ಯಾರಾದರೂ ನಿಮ್ಮನ್ನು ಪಾತ್ರದ ಹೆಸರಿನಿಂದ ಕರೆದರೆ ಓಗೊಡಬೇಡಿ. ಆ ಹುಡುಗ ಈಗ ಈ ಕ್ರಮವನ್ನು ಪಾಲಿಸುತ್ತಾನೆ, ಮೊದಲಿಗಿಂತ ಒರಟಾಗಿಯೇ ಹಾಡುತ್ತಾನೆ, ಮತ್ತು ಅವನ ತಾಯಿ ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಾರೆ.

ಕಾಗದಪತ್ರ

ಇದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಹೆಸರನ್ನು ಬ್ಯಾನರಿಗೆ ಅಚ್ಚು ಹಾಕಿಸುವ ಮೊದಲು ಯೂಟ್ಯೂಬ್, ಇನ್‌ಸ್ಟಾಗ್ರಾಂಗಳಲ್ಲಿ ಬೇರೆಯವರು ಅದನ್ನು ಬಳಸುತ್ತಿದ್ದಾರೆಯೇ ಎಂದು ಕನ್ನಡ, ಇಂಗ್ಲಿಷ್ ಎರಡೂ ಅಕ್ಷರಗಳಲ್ಲಿ ಹುಡುಕಿ. ಕರಾರು, ಬ್ಯಾಂಕ್ ಖಾತೆ, ಪ್ಯಾನ್, ಹಾಡಿನ ಹಕ್ಕುಪತ್ರ ಎಲ್ಲವೂ ನಿಜ ಹೆಸರಿನಲ್ಲಿರಲಿ; ಪಾತ್ರದ ಹೆಸರಿನ ಒಡೆತನ ನಿಮ್ಮದೇ ಎಂದು ಬರವಣಿಗೆಯಲ್ಲಿ ಇರಲಿ. ತಾಯಿತಂದೆ ಇಟ್ಟ ಹೆಸರಿನಿಂದಲೇ ಪ್ರಸಿದ್ಧರಾದ ಪ್ರಿನ್ಸ್, ಧ್ವನಿಮುದ್ರಣ ಕಂಪನಿಯೊಂದಿಗಿನ ಜಗಳದಲ್ಲಿ 1993ರಲ್ಲಿ ಆ ಹೆಸರನ್ನೇ ಬಿಟ್ಟು ಉಚ್ಚರಿಸಲಾಗದ ಒಂದು ಚಿಹ್ನೆಯನ್ನು ಹೆಸರು ಮಾಡಿಕೊಂಡು, ಹಳೆಯ ಹೆಸರಿಗೆ ಮರಳಲು 2000ದವರೆಗೆ ಕಾಯಬೇಕಾಯಿತು. ಮುಖವಾಡ ಹಾಕುವವರು ಇನ್ನೊಂದನ್ನು ಗಮನಿಸಬೇಕು. ಲೋಹದ ಮುಖವಾಡದ ರ‍್ಯಾಪ್ ಗಾಯಕ ಎಂಎಫ್ ಡೂಮ್ ಕೆಲವು ಕಾರ್ಯಕ್ರಮಗಳಿಗೆ ತನ್ನ ಬದಲು ಬೇರೆಯವರಿಗೆ ಮುಖವಾಡ ತೊಡಿಸಿ ಕಳಿಸಿದಾಗ, ಟಿಕೆಟ್ ಕೊಂಡವರು ಸಿಟ್ಟಾದರು. ಅವರ ಸಿಟ್ಟು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಪಾತ್ರವನ್ನು ಬಿಡುವ ಕಾಲ ಬಂದರೆ

ಪಾತ್ರ ನಿಮ್ಮ ಹಾಡನ್ನು ಬೆಳೆಯಗೊಡುತ್ತಿಲ್ಲ ಎನ್ನಿಸಿದ ದಿನ, ಅಥವಾ ಅದಿಲ್ಲದೆಯೂ ನಿಮಗೆ ಅಂಜಿಕೆಯಾಗದ ದಿನ, ಅದನ್ನು ಬಿಡಿ. ಜನರೆದುರು, ಒಂದು ಕೊನೆಯ ಕಾರ್ಯಕ್ರಮ ಮಾಡಿ, ಮರ್ಯಾದೆಯಿಂದ ಬೀಳ್ಕೊಡಿ. ಆದರೆ ತಂಡಕ್ಕೆ ಮೊದಲೇ ತಿಳಿಸಿ. 1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ ಸಭಾಂಗಣದಲ್ಲಿ ಬೋವಿ ಇದೇ ಕೊನೆಯ ಆಟವೆಂದು ಸಾರಿದಾಗ, ಅವರ ಬೆನ್ನ ಹಿಂದೆ ನುಡಿಸುತ್ತಿದ್ದ ಡ್ರಮ್ಮಿನವರಿಗೂ ಬೇಸ್ ಗಿಟಾರಿನವರಿಗೂ ಆ ಸಂಗತಿ ತಿಳಿದದ್ದು ಅದೇ ಕ್ಷಣದಲ್ಲಿ. ನಿಮ್ಮ ರಿದಂ ಪ್ಯಾಡಿನವರು, ಕೀಬೋರ್ಡಿನವರು ಮುಂದಿನ ಮೂರು ತಿಂಗಳ ತಾರೀಖುಗಳನ್ನು ಆ ಪಾತ್ರದ ಹೆಸರಿನ ಮೇಲೆಯೇ ಒಪ್ಪಿಕೊಂಡಿರುತ್ತಾರೆ. ಅವರನ್ನು ಕೂರಿಸಿಕೊಂಡು ಮಾತನಾಡಿ, ಒಪ್ಪಿಕೊಂಡ ಕಾರ್ಯಕ್ರಮಗಳನ್ನು ಮುಗಿಸಿ, ಆಮೇಲೆ ಬ್ಯಾನರ್ ಬದಲಿಸಿ.